ಬೋರ್ಡಿಲ್ಲದ ಅಡುಗೆಮನೆ

“ಎಡಕ್ಕೆ ಅಂದ್ರೆ ನಿನ್ನ ಎಡಕ್ಕೆ ಕಣಪ್ಪಾ, ನನ್ನ ಎಡಕ್ಕಲ್ಲ! ಎದುರಿಗೆ ಏನು ಕಾಣ್ತಿದೆ ಹೇಳು. ಕನ್ನಡೀನಾ? ಕನ್ನಡಿ ಮುಂದೆ ಯಾರಾದ್ರೂ ಮುಖಕ್ಕೆ ನೊರೆ ಬಳ್ಕೊಂಡು ಕೂತಿದ್ದಾರಾ? ಸರಿಹೋಯ್ತು. ನೀನು ಕಟಿಂಗ್ ಶಾಪಿನೊಳಗೆ ನಿಂತಿದ್ದೀಯ. ಮೊದಲು ಹೊರಗೆ ಬಾ.”

ಹೆಂಡತಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಸೂಪು ಕಲಕುತ್ತಾ ಇನ್ನೊಂದು ಕೈಯನ್ನು ಗಾಳಿಯಲ್ಲಿ ಎಡಕ್ಕೆ ಬೀಸುತ್ತಿದ್ದಳು, ಫೋನಿನ ಆಚೆಯವನಿಗೆ ಅದು ಕಾಣುತ್ತದೆ ಎಂಬಂತೆ. ಬೋರ್ಡಣ್ಣ ತಾನು ಕಟ್ಟಿಟ್ಟಿದ್ದ ಪೊಟ್ಟಣದ ಮೇಲೆ ಅಂಗೈ ಇಟ್ಟು ನೋಡಿದ. ಬಿಸಿ ಆಗಲೇ ಅರ್ಧ ಇಳಿದಿತ್ತು. ಇವತ್ತೂ ಯಾರದೋ ಮನೆಯಲ್ಲಿ ಆರಿದ ಅನ್ನ, ಫೋನಿನಲ್ಲಿ ಗಿರಾಕಿ ಕೊಡುವ ನಕ್ಷತ್ರ ಒಂದು ಕಡಿಮೆ. ಈಗ ಕಟಿಂಗ್ ಶಾಪಿನವನ ದನಿಯೇ ಫೋನಿನಿಂದ ಹೊರಗೆ ಬಂತು. “ಅಕ್ಕಾ, ನಿಮ್ಮ ಸೂಪು ಕೇಳ್ಕೊಂಡು ಬರೋರ ಗಲಾಟೇಲಿ ನನ್ನ ಗಿರಾಕಿ ಮೀಸೆ ಒಂದೇ ಕಡೆ ಉಳೀತು. ಇನ್ನೊಂದು ಸಲ ಯಾರಾದ್ರೂ ಬಂದ್ರೆ ಹಿಡಿದು ತಲೆ ಬೋಳಿಸಿ ಕಳಿಸ್ತೀನಿ, ಅಷ್ಟೇ!”

ಬೋರ್ಡಣ್ಣ ಎನ್ನುವುದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಊರಿನ ಅರ್ಧ ಅಂಗಡಿಗಳ ಹಣೆಯ ಮೇಲೆ ಇರುವ ಅಕ್ಷರ ಅವನ ಕುಂಚದ್ದು. ಔಷಧಿ ಅಂಗಡಿ, ಚಪ್ಪಲಿ ಅಂಗಡಿ, ಹಲ್ಲಿನ ಡಾಕ್ಟರು, ಸಾಲು ಸಾಲು ಹೋಟೆಲುಗಳು. ಬೋರ್ಡನ್ನು ಯಂತ್ರವೇ ಛಾಪಿಸುವ ಕಾಲ ಬಂದ ಮೇಲೆ ಅವನನ್ನು ಕರೆಯುವವರು ಕಡಿಮೆಯಾದರು; ಹೆಸರು ಮಾತ್ರ ಉಳಿಯಿತು. ಅಂಥ ಬೋರ್ಡಣ್ಣನ ಸ್ವಂತ ಹೆಂಡತಿಯ ಅಡುಗೆಮನೆಗೆ ಒಂದು ಬೋರ್ಡಿಲ್ಲ. ದೀಪದ ಬುಡದಲ್ಲಿ ಕತ್ತಲು ಎಂದು ಸ್ನೇಹಿತರು ಆಡಿಕೊಂಡರೆ ಅವನು ನಕ್ಕುಬಿಡುತ್ತಿದ್ದ. ಮನೆಗೆ ಬಂದು ಮಾತ್ರ ಕುಂಚಗಳನ್ನು ಸುಮ್ಮನೆ ತೊಳೆದು ಒಣಗಿಸುತ್ತಿದ್ದ.

ಬೋರ್ಡು ಬೇಡ ಎಂದವಳು ಅವಳೇ. ಮೊದಲು ಅವಳು ದೊಡ್ಡ ರಸ್ತೆಯ ಹೋಟೆಲೊಂದರಲ್ಲಿ ಅಡುಗೆಗಿದ್ದಳು. ಗಾಜಿನ ಬಾಗಿಲು, ಮೀನಿನ ತೊಟ್ಟಿ, ಕೆಂಪು ಕುರ್ಚಿ ಎಲ್ಲ ಇದ್ದ ಆ ಹೋಟೆಲು ತನ್ನ ಮುಖದ ಬಾಡಿಗೆ ಕಟ್ಟಲಾರದೆ ಮುಚ್ಚಿತು. “ನಾನು ಬೇಯಿಸಿದ್ದೆಲ್ಲಾ ಆ ಗಾಜು ತಿಂದುಹಾಕ್ತು ಕಣ್ರೀ” ಎಂದಿದ್ದಳು ಅವಳು. “ನಮಗೆ ಮುಖ ಬೇಡ. ಒಲೆ ಇದ್ರೆ ಸಾಕು. ಜನ ಫೋನಲ್ಲಿ ಕೇಳ್ತಾರೆ, ರೈಡರ್‌ಗಳು ಒಯ್ದು ಕೊಡ್ತಾರೆ.”

ಆಮೇಲೆ ಅವಳು ಜಾಗ ಹುಡುಕಿದ ರೀತಿ ನೋಡಿ ದಲ್ಲಾಳಿಯ ತಲೆಯೇ ಕೆಟ್ಟಿತು. ಅವನು ಒಳ್ಳೊಳ್ಳೆ ಮೂಲೆ ಅಂಗಡಿಗಳನ್ನು ತೋರಿಸಿದರೆ ಇವಳು ಎದುರಿನ ರಸ್ತೆಯನ್ನು ಕಣ್ಣೆತ್ತಿಯೂ ನೋಡದೆ, “ಹಿಂದಿನ ಬಾಗಿಲು ಎಲ್ಲಿದೆ?” ಎನ್ನುತ್ತಿದ್ದಳು. ಕೊನೆಗೆ ದಲ್ಲಾಳಿಯನ್ನೇ ಬಿಟ್ಟು, ಸಂಜೆ ಹೊತ್ತು ಬಸ್ಸು ನಿಲ್ಲುವ ಕಡೆ ನಿಂತು, ಇಳಿದವರ ಹಿಂದೆ ನಡೆಯತೊಡಗಿದಳು. ಉತ್ಸಾಹದಿಂದ ನಡೆಯುವವರನ್ನು ಬಿಟ್ಟುಬಿಡುವಳು. ಕಾಲೆಳೆದುಕೊಂಡು ಹೋಗುವವರ ಹಿಂದೆ ಮಾತ್ರ ಹೋಗುವಳು. ಸುಸ್ತಾದವರು ಎಲ್ಲಿ ಮನೆ ಸೇರುತ್ತಾರೋ ಅಲ್ಲಿ ಒಲೆ ಹತ್ತುವುದಿಲ್ಲ ಎಂಬುದು ಅವಳ ಲೆಕ್ಕ. ಹಾಗೆ ನಡೆದೂ ನಡೆದೂ ಅವಳು ಬಂದು ನಿಂತದ್ದು ಈ ಜಾಗಕ್ಕೆ. ಒಂದು ಕಡೆ ಎತ್ತರದ ಫ್ಲ್ಯಾಟುಗಳು, ಒಂದು ಕಡೆ ಆಸ್ಪತ್ರೆಯ ನರ್ಸುಗಳ ವಸತಿ, ಇನ್ನೊಂದು ಕಡೆ ಕಾಲೇಜಿನ ಹಾಸ್ಟೆಲು. ಇವುಗಳ ನಡುವೆ, ಅಂಗಡಿ ಸಾಲಿನ ಬೆನ್ನಿಗೆ, ಸ್ಕೂಟರೊಂದು ಸಲೀಸಾಗಿ ಹೋಗಿ ಬರುವಷ್ಟು ಓಣಿ. ಓಣಿಯ ಕೊನೆಗೆ ಹಿಂದೆ ರತ್ನಗಂಬಳಿ ತೊಳೆಯುತ್ತಿದ್ದವನ ಶೆಡ್ಡು. ನೀರಿದೆ, ಮೋರಿಯಿದೆ, ನೆಲ ತಾನಾಗಿ ಇಳಿಜಾರಾಗಿದೆ. ಅವಳು ಅಲ್ಲಿ ನಿಂತು ಒಂದು ಬಕೆಟ್ ನೀರು ಚೆಲ್ಲಿ, ಅದು ಸರಾಗವಾಗಿ ಹರಿದು ಹೋದದ್ದು ನೋಡಿ, “ಇದೇ” ಎಂದಳು.

ಶೆಡ್ಡಿನ ಒಡತಿ, ಓಣಿಯ ಬಾಯಲ್ಲೇ ಮನೆಯಿರುವ ಟೀಚರಮ್ಮ. ಕೆಲಸದಿಂದ ನಿವೃತ್ತಿಯಾದರೂ ದನಿಗೆ ಇನ್ನೂ ನಿವೃತ್ತಿಯಾಗಿರಲಿಲ್ಲ. ಅವರು ಹಾಕಿದ್ದು ಒಂದೇ ಷರತ್ತು. “ಬೋರ್ಡ್ ಹಾಕಬಾರದು. ಗಂಬಳಿಯವನು ನನ್ನ ಕಾಂಪೌಂಡ್ ಗೋಡೆ ಮೇಲೆ ಕೆಂಪು ಹಸಿರು ಮಿಣುಕೋ ಬೋರ್ಡ್ ಹಾಕಿದ್ದ. ಅವನು ಇದ್ದಷ್ಟು ದಿನ ಟ್ರಾಫಿಕ್ ಸಿಗ್ನಲ್ ಕೆಳಗೆ ಮಲಗಿದ ಹಾಗಿತ್ತು ನನಗೆ. ಇನ್ನು ಯಾರೇ ಆಗಲಿ, ಬೋರ್ಡ್ ಹಾಕಿದ ದಿನ ಶೆಡ್ಡಿಗೆ ಬೀಗ.”

ಹೆಂಡತಿ ಆಗಲಿ ಎಂದಳು. ಬೋರ್ಡಣ್ಣ ಖಾಲಿ ಗೋಡೆಯನ್ನು ಒಮ್ಮೆ ನೋಡಿ, ತಾನೂ ಆಗಲಿ ಎಂದ.

ಈಗ ನೋಡಿದರೆ, ಫೋನಿನ ನಕ್ಷೆ ಬರುವವರನ್ನೆಲ್ಲ ಓಣಿಗೆ ತಿರುಗಿಸದೆ ಕಟಿಂಗ್ ಶಾಪಿಗೆ ತಂದು ನಿಲ್ಲಿಸುತ್ತಿತ್ತು. ಹಳೆಯ ರೈಡರ್‌ಗಳು ದಾರಿ ಕಲಿಯುವಷ್ಟರಲ್ಲಿ ಬೇರೆ ಕಡೆ ಹೋಗುವರು, ಹೊಸಬರು ಬರುವರು, ಮತ್ತೆ ‘ನಿನ್ನ ಎಡಕ್ಕೆ’ ಶುರು. ನಕ್ಷತ್ರಗಳು ಒಂದೊಂದೇ ಉದುರುತ್ತಿದ್ದವು. ಇನ್ನೂ ಉದುರಿದರೆ ನಿಮ್ಮ ಹೆಸರು ಪಟ್ಟಿಯ ಅಡಿಗೆ ಹೋಗುತ್ತದೆ, ಅಲ್ಲಿಯವರೆಗೆ ಯಾರ ಬೆರಳೂ ಇಳಿಯುವುದಿಲ್ಲ ಎಂದು ಆರ್ಡರ್ ಕಳಿಸುವ ಕಂಪನಿಯಿಂದ ಸಂದೇಶ ಬಂದಿತ್ತು.

“ಒಂದು ಬೋರ್ಡ್ ಇದ್ರೆ ಈ ಪಾಡೇ ಇರ್ತಿರಲಿಲ್ಲ” ಎಂದ ಬೋರ್ಡಣ್ಣ, ತಣ್ಣಗಾದ ಪೊಟ್ಟಣ ಬಿಚ್ಚಿ ಮತ್ತೆ ಬಿಸಿ ಮಾಡಲು ಕೊಡುತ್ತಾ.

“ಬೋರ್ಡ್ ಇದ್ರೆ ಶೆಡ್ಡೇ ಇರ್ತಿರಲಿಲ್ಲ.”

“ದೀಪ ಇಲ್ದೇ ಇರೋ ಬೋರ್ಡ್. ಬರೀ ಬಣ್ಣದ್ದು. ಅದು ಯಾರ ನಿದ್ದೆ ಕೆಡಿಸುತ್ತೆ?”

“ಈಗ ನಿಮ್ಮ ನಿದ್ದೆ ಕೆಡಿಸ್ತಾ ಇದೆಯಲ್ಲ. ಸುಮ್ನೆ ಮುಚ್ಚಳ ಹಾಕಿ.”

ಸುಮ್ಮನಿದ್ದರೆ ಅವನು ಬೋರ್ಡಣ್ಣನೇ ಅಲ್ಲ. ಮರುದಿನದಿಂದ ಮಧ್ಯಾಹ್ನದ ಗಲಾಟೆ ಇಳಿದ ಮೇಲೆ, ಸ್ವಲ್ಪ ಬೆನ್ನು ನೆಟ್ಟಗೆ ಮಾಡಿಕೊಂಡು ಬರುತ್ತೇನೆಂದು ಮನೆಗೆ ಹೋಗತೊಡಗಿದ. ಮನೆಯಲ್ಲಿ ಬೆನ್ನು ನೆಟ್ಟಗಾಗಲಿಲ್ಲ. ಮಂಚದಡಿಯ ತಗಡಿನ ಹಲಗೆಯ ಮೇಲೆ ಬಗ್ಗಿ ಬಗ್ಗಿ ಇನ್ನಷ್ಟು ನೋಯಿತು. ಕಡುನೀಲಿ ಹಿನ್ನೆಲೆ. ಅದರ ಮೇಲೆ ಹಳದಿಯಲ್ಲಿ ‘ಅಕ್ಕನ ಒಲೆ’. ರೈಡರ್‌ಗಳು ಅವಳನ್ನು ಅಕ್ಕ ಎಂದು ಕರೆಯುತ್ತಿದ್ದರಿಂದ ಬಂದ ಹೆಸರು ಅದು. ಅಕ್ಷರಗಳಿಗೆ ಬಿಳಿಯ ಅಂಚು, ಅದಕ್ಕೊಂದು ನೆರಳು. ‘ಕ’ದ ಹೊಟ್ಟೆಯನ್ನು ಅವನು ಎರಡೆರಡು ಸಲ ಅಳಿಸಿ ಬರೆದ. ಯಾರ್ಯಾರಿಗೋ ಒಂದೇ ಎಳೆತಕ್ಕೆ ಬರೆದ ಕೈ, ಹೆಂಡತಿಗೆ ಬರೆಯುವಾಗ ಅಕ್ಷರಕ್ಕೊಮ್ಮೆ ನಿಂತು ಅಳತೆ ನೋಡಿತು. ಹೆಸರು ಮುಗಿದ ಮೇಲೆ ಸಮಾಧಾನವಾಯಿತು, ಉಳಿದದ್ದನ್ನು ಕೈ ತಾನಾಗಿ ಬರೆದುಕೊಂಡು ಹೋಯಿತು.

ಟೀಚರಮ್ಮ ತಂಗಿಯ ಮನೆಗೆಂದು ಪೆಟ್ಟಿಗೆ ಹಿಡಿದು ಹೊರಟ ಬೆಳಿಗ್ಗೆ ಅವನು ಬೋರ್ಡನ್ನು ಹಳೆಯ ಚಾದರದಲ್ಲಿ ಸುತ್ತಿ ತಂದ. ಅವರು ಬರುವುದು ನಾಳೆ. ಅಷ್ಟರಲ್ಲಿ ಇವತ್ತಿನ ರೈಡರ್‌ಗಳಾದರೂ ದಾರಿ ಕಲಿಯಲಿ, ಸಂಜೆ ಇಳಿಸಿದರಾಯಿತು ಎಂದು ಅವನ ಯೋಚನೆ. ಕಟ್ಟಲು ಜಾಗ ಹುಡುಕಿದರೆ, ಗಂಬಳಿಯವನು ಹೊಡೆದಿದ್ದ ಮೊಳೆಗಳು ಟೀಚರಮ್ಮನ ಕಾಂಪೌಂಡ್ ಗೋಡೆಯಲ್ಲಿ, ಗೇಟಿನ ಪಕ್ಕದಲ್ಲೇ, ಕರೆದ ಹಾಗೆ ನಿಂತಿದ್ದವು. ಬೋರ್ಡು ತೂಗುಹಾಕಿ, ರಸ್ತೆಯ ಆಚೆ ಬದಿಗೆ ಹೋಗಿ, ಕಣ್ಣು ಕಿರಿದು ಮಾಡಿ ನೋಡಿದ. ಬೀದಿಯ ಬೇರೆಲ್ಲ ಬೋರ್ಡುಗಳೂ ಇದರ ಮುಂದೆ ಮುಖ ತೊಳೆಯದೆ ಎದ್ದು ಬಂದವರ ಹಾಗೆ ಕಂಡವು. ಎದೆ ಉಬ್ಬಿಸಿಕೊಂಡು ಶೆಡ್ಡಿಗೆ ಬಂದ. ಹೆಂಡತಿಗೆ ಏನೂ ಹೇಳಲಿಲ್ಲ.

ಮಧ್ಯಾಹ್ನವಾಯಿತು. ಫೋನು ಬಡಿದುಕೊಂಡಿತು. “ಎಡಕ್ಕೆ ಕಣಪ್ಪಾ” ಎಂದಳು ಹೆಂಡತಿ. ಮತ್ತೆ ಬಡಿದುಕೊಂಡಿತು. “ಕನ್ನಡಿ ಕಾಣ್ತಿದೆಯಾ?” ಎಂದಳು. ಬೋರ್ಡಣ್ಣನಿಗೆ ಅರ್ಥವೇ ಆಗಲಿಲ್ಲ. ಕಣ್ಣಿಗೆ ರಾಚುವಂತೆ ಕಟ್ಟಿ ಬಂದಿದ್ದಾನೆ, ಇವರೆಲ್ಲ ಕುರುಡರೇ? ನೋಡಿಕೊಂಡು ಬರೋಣವೆಂದು ಓಣಿಯ ಬಾಯಿಗೆ ಬಂದವನು ಅಲ್ಲೇ ಕಂಬವಾದ.

ಟೀಚರಮ್ಮನ ಜಗಲಿಯ ತುಂಬ ಜನ. ಬೆತ್ತದ ಕುರ್ಚಿಗಳಲ್ಲಿ ಒಬ್ಬ ಅಜ್ಜಿ, ಅಪ್ಪ, ಅಮ್ಮ; ಮೆಟ್ಟಿಲ ಮೇಲೆ ಇಬ್ಬರು ಚಿಕ್ಕ ಮಕ್ಕಳು; ನಡುವೆ ಗರಿಗರಿ ಅಂಗಿ ತೊಟ್ಟು, ನಾಚಿಕೊಂಡು ನಿಂತ ಒಬ್ಬ ಯುವತಿ. ಎಲ್ಲರೂ ಸಮಾರಂಭಕ್ಕೆ ಹೊರಟವರ ಹಾಗೆ ಸಿಂಗರಿಸಿಕೊಂಡಿದ್ದರು. ಗೇಟಿನಲ್ಲಿ, ಕೈಯಲ್ಲಿ ಪೆಟ್ಟಿಗೆ ಹಿಡಿದು, ಟೀಚರಮ್ಮ ನಿಂತಿದ್ದರು. ತಂಗಿ ಇಸ್ಪೀಟಿನಲ್ಲಿ ಮೋಸ ಮಾಡಿದಳೆಂದು ಜಗಳವಾಡಿ, ಹೋದ ದಾರಿಯಲ್ಲೇ ವಾಪಸು ಬಂದಿದ್ದರು.

“ಬಾಮ್ಮಾ, ಬಾ” ಎನ್ನುತ್ತಿದ್ದಳು ಅಜ್ಜಿ ಟೀಚರಮ್ಮನಿಗೆ, ಅವರದೇ ಕುರ್ಚಿಯಲ್ಲಿ ಕೂತು. “ಎಷ್ಟು ಹೊತ್ತು ಕಾಯೋದು? ಇಷ್ಟು ಚಂದ ಬೋರ್ಡ್ ಹಾಕ್ಕೊಂಡು ಒಂದು ಲೋಟ ನೀರು ಕೊಡೋರಿಲ್ಲ ಅಂದ್ರೆ ಹೇಗೆ? ನಮ್ಮ ಮೊಮ್ಮಗಳಿಗೆ ಬಸ್ ಓಡಿಸೋ ಲೈಸೆನ್ಸ್ ಸಿಕ್ಕಿದೆ. ಊಟ ಹಾಕಿಸ್ತೀನಿ ಅಂತ ಕರ್ಕೊಂಡು ಬಂದಿದೀನಿ.”

ಟೀಚರಮ್ಮ ನಿಧಾನವಾಗಿ ತಿರುಗಿ ಬೋರ್ಡನ್ನು ನೋಡಿದರು. ಉತ್ತರ ಪತ್ರಿಕೆ ತಿದ್ದುವವರಂತೆ ಮೇಲಿನಿಂದ ಕೆಳಗಿನವರೆಗೆ ಓದಿದರು. ಆಗ ಬೋರ್ಡಣ್ಣನೂ ಓದಿದ. ‘ಅಕ್ಕನ ಒಲೆ’ಯ ಕೆಳಗೆ, ಹೂಬಳ್ಳಿಯ ಅಂಚಿನೊಳಗೆ, ದುಂಡಗೆ ಬರೆದಿತ್ತು: ‘ಕುಟುಂಬ ಸಮೇತ ಕೂರಲು ವಿಶಾಲವಾದ ಸ್ಥಳವಿದೆ.’

ಹೋಟೆಲು ಬೋರ್ಡುಗಳಿಗೆಲ್ಲ ಅವನು ಕೊನೆಗೆ ಬರೆಯುತ್ತಿದ್ದ ಸಾಲು ಅದು. ಬರೆದೂ ಬರೆದೂ ಅದನ್ನು ಓದುವುದನ್ನೇ ಬಿಟ್ಟಿದ್ದ. ಗೇಟಿನ ಪಕ್ಕದ ಗೋಡೆಯಲ್ಲಿ ಹಾಗೆ ಬರೆದಿದ್ದರೆ, ಹಸಿದವರು ಗೇಟು ತೆಗೆದು ಕೂರದೆ ಇನ್ನೇನು ಮಾಡುತ್ತಾರೆ? ಅವನು ಇಂಗು ತಿಂದ ಮಂಗನಂತೆ ನಿಂತ.

“ನಿಮ್ಮ ಕೈಬರಹಾನಾ?” ಎಂದರು ಟೀಚರಮ್ಮ.

“ಹೌದು ಟೀಚರಮ್ಮ.”

“ಚೆನ್ನಾಗಿದೆ.”

ಬೈದಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ.

ಅಷ್ಟರಲ್ಲಿ, ಪೊಟ್ಟಣ ಕಟ್ಟುವವನು ಎಲ್ಲಿ ಹಾಳಾಗಿ ಹೋದ ಎಂದು ಹುಡುಕುತ್ತಾ ಹೆಂಡತಿ ಸೌಟು ಹಿಡಿದೇ ಬಂದಳು. ಬೋರ್ಡು ನೋಡಿದಳು. ಇಷ್ಟು ದಿನ ಆ ಹೆಸರನ್ನು ಅವಳು ಫೋನಿನಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಮಾತ್ರ ಕಂಡಿದ್ದಳು. ಈಗ ಅದು ನೀಲಿಯ ಮೇಲೆ ಬಿಸಿಲಿನಂತೆ ಹೊಳೆಯುತ್ತಿತ್ತು. ಒಂದು ಗಳಿಗೆ ಅವಳ ಮುಖ ಅರಳಿದ್ದನ್ನು ಬೋರ್ಡಣ್ಣ ಕಂಡ. ಏನಾದರಾಗಲಿ, ಬರೆದದ್ದು ಸಾರ್ಥಕ ಎನ್ನಿಸಿತು. ಮರುಗಳಿಗೆ ಅವಳ ಕಣ್ಣು ಕೊನೆಯ ಸಾಲಿಗೆ ಇಳಿಯಿತು.

“ವಿಶಾಲವಾದ ಸ್ಥಳ? ಎಲ್ರೀ? ನಿಮ್ಮ ತಲೆ ಮೇಲಾ?”

“ಜಗಳ ಆಮೇಲೆ” ಎಂದರು ಟೀಚರಮ್ಮ. “ಬಾಗಿಲಿಗೆ ಬಂದು ಕೂತವರನ್ನ ನಾನು ಹಸಿದು ಕಳಿಸೋದಿಲ್ಲ. ಒಲೆ ಮೇಲೆ ಏನೇನಿದೆ?”

“ಸೂಪು ಇದೆ, ಅನ್ನ ಇದೆ, ಹುರಿದ ಕೋಳಿ ಇದೆ. ಆದ್ರೆ ತಟ್ಟೆ ಇಲ್ಲ ಟೀಚರಮ್ಮ, ನಮ್ಮಲ್ಲಿ ಬರೀ ಡಬ್ಬಿ.”

ಟೀಚರಮ್ಮ ಬೀಗ ತೆಗೆದು ಒಳಗೆ ಹೋಗಿ, ಗಾಜಿನ ಬೀರುವಿನಿಂದ ತಟ್ಟೆ ಬಟ್ಟಲುಗಳನ್ನು ಹೊತ್ತು ತಂದರು. ಬೋರ್ಡಣ್ಣ ಓಣಿಯ ಆ ತುದಿಯಿಂದ ಈ ತುದಿಗೆ ಓಡಿದ. ಅಜ್ಜಿಯ ಮುಂದೆ ಮೊದಲ ಬಟ್ಟಲು ಇಟ್ಟ. ಅಜ್ಜಿ ಒಂದು ಚಮಚ ಸೂಪು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಬಟ್ಟಲನ್ನು ಮೊಮ್ಮಗಳ ಕಡೆ ತಳ್ಳಿ, “ನೋಡು” ಎಂದಳು. ಮೊಮ್ಮಗಳು ಒಂದು ಚಮಚ ತೆಗೆದುಕೊಂಡಳು. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಅಜ್ಜಿ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು. “ನೋಡು ಅಂದೆ. ಮುಗಿಸು ಅಂದ್ನಾ?”

ಹೆಂಡತಿ ಜಗಲಿಯ ಕಂಬದ ಹಿಂದೆ ನಿಂತು ನೋಡುತ್ತಿದ್ದಳು. ಅವಳ ಮೂಗಿನ ತುದಿ ಕೆಂಪಾಗಿತ್ತು. “ದಿನಾ ಮುಚ್ಚಳ ಹಾಕಿ ಹಾಕಿ ಕಳಿಸ್ತಿದ್ದೆ ಕಣ್ರೀ” ಎಂದಳು ಮೆಲ್ಲಗೆ. “ಮುಚ್ಚಳ ತೆಗೆದ ಮೇಲೆ ಏನಾಗುತ್ತೆ ಅನ್ನೋದೇ ಮರೆತುಹೋಗಿತ್ತು.”

ಆಗ ಅವಳ ಫೋನು ಮತ್ತೆ ಬಡಿದುಕೊಂಡಿತು. ಹೊಸ ರೈಡರ್, ಹೆಣ್ಣುದನಿ. “ಅಕ್ಕಾ, ಕಟಿಂಗ್ ಶಾಪಿಂದ ಓಡಿಸಿಬಿಟ್ರು. ಈಗ ಯಾವುದೋ ಗೇಟ್ ಹತ್ರ ಇದೀನಿ. ಎಲ್ಲಿಗೆ ಬರ್ಲಿ?” ಆ ದನಿ ಫೋನಿನಲ್ಲೂ ಕೇಳಿಸಿತು, ಗೋಡೆಯ ಆಚೆಯಿಂದಲೂ ಕೇಳಿಸಿತು. ಎಲ್ಲರೂ ತಿರುಗಿ ನೋಡಿದರು. ರೈಡರ್ ಬೋರ್ಡಿನ ನೇರ ಕೆಳಗೆ, ಸ್ಕೂಟರಿನ ಮೇಲೆ ಕೂತು, ತಲೆ ತಗ್ಗಿಸಿ ಫೋನು ನೋಡುತ್ತಿದ್ದಳು.

“ಸ್ವಲ್ಪ ತಲೆ ಎತ್ತಮ್ಮಾ” ಎಂದ ಬೋರ್ಡಣ್ಣ, ಅಳುವ ದನಿಯಲ್ಲಿ.

ಅವಳು ತಲೆ ಎತ್ತಿದಳು. “ಓ! ಬೋರ್ಡ್ ಇದೆಯಾ?” ಜಗಲಿಯೆಲ್ಲ ನಕ್ಕಿತು. ಅವಳೂ ನಕ್ಕಳು. “ಬೇಜಾರ್ ಮಾಡ್ಕೋಬೇಡಿ ಅಣ್ಣಾ. ಯಾರು ಮೇಲೆ ನೋಡ್ತಾರೆ? ಗಾಡಿ ಓಡುವಾಗ ಗುಂಡಿ ನೋಡ್ಬೇಕು, ನಿಂತಾಗ ಫೋನ್ ನೋಡ್ಬೇಕು. ಕಣ್ಣು ಇರೋದು ಎರಡೇ, ಎರಡೂ ಕೆಳಗೇ.”

ಅವಳು ಪೊಟ್ಟಣ ಹಿಡಿದು ಹೊರಟಳು. ಊಟ ಮುಗಿಸಿದ ಮನೆಯವರು ಜಗಲಿಯಿಂದ ಎದ್ದರು. ಇನ್ನು ಬಸ್ ತಂದು ಇಲ್ಲೇ ನಿಲ್ಲಿಸಿ ಊಟ ಮಾಡ್ತೀನಿ ಎಂದಳು ಮೊಮ್ಮಗಳು. ನನ್ನ ಗೇಟಿನ ಮುಂದೆ ನಿಲ್ಲಿಸಿ ನೋಡು ಎಂದರು ಟೀಚರಮ್ಮ. ನಗು ಬೀದಿಯ ತಿರುವಿನಲ್ಲಿ ಕರಗಿತು. ಜಗಲಿಯಲ್ಲಿ ಮೂವರು ಉಳಿದರು.

“ಬೋರ್ಡ್ ಹಾಕಿದ ದಿನ ಏನು ಅಂತ ಹೇಳಿದ್ದೆ?”

“ಬೀಗ ಅಂತ” ಎಂದ ಬೋರ್ಡಣ್ಣ, ಪಾಠ ಒಪ್ಪಿಸುವವನಂತೆ.

ಹೆಂಡತಿ ಸೌಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಟೀಚರಮ್ಮ, ಊರೆಲ್ಲಾ ನಡೆದು ಹುಡುಕಿದ ಜಾಗ ಇದು. ಇಲ್ಲಿಂದ ಯಾವ ಕಡೆ ಹೋದ್ರೂ ಅನ್ನ ಬಿಸಿ ಇರುವಾಗ್ಲೇ ಮನೆ ಸಿಗುತ್ತೆ. ಇಂಥ ಜಾಗ ನನಗೆ ಇನ್ನೊಂದು ಸಿಗೋದಿಲ್ಲ. ಈ ಜಾಗ ಒಂದು ಬಿಡಿಸಬೇಡಿ. ಬೇಕಾದ್ರೆ ಇವರನ್ನ ಹೊರಗೆ ಹಾಕಿ.”

“ಅವರನ್ನ ಹೊರಗೆ ಹಾಕಿದ್ರೆ ಬೋರ್ಡ್ ಇಳಿಸೋರು ಯಾರು?”

ಟೀಚರಮ್ಮ ಖಾಲಿ ಬಟ್ಟಲುಗಳನ್ನು ಒಂದರೊಳಗೊಂದು ಜೋಡಿಸತೊಡಗಿದರು. ಅದರಲ್ಲಿ ಅವರ ಬಟ್ಟಲೂ ಇತ್ತು. ಗದ್ದಲದ ನಡುವೆ ಅವರು ಬಾಗಿಲ ಮರೆಯಲ್ಲಿ ನಿಂತು ಎರಡು ಸಲ ಸೂಪು ಹಾಕಿಸಿಕೊಂಡದ್ದನ್ನು ಬೋರ್ಡಣ್ಣ ಕಂಡಿದ್ದ. “ಕತ್ತಲಾಗೋದರೊಳಗೆ ಗೋಡೆ ಮೇಲೆ ಏನೂ ಇರಬಾರದು. ಮೊಳೆ ಕೂಡ. ಇನ್ನೊಂದು ಸಲ ಹಾಕಿದ್ರೆ ನನ್ನ ಹತ್ರ ಮಾತಿಲ್ಲ” ಎಂದರು. ಬಟ್ಟಲುಗಳನ್ನು ಎತ್ತಿಕೊಂಡು, “ದಾರಿ ತಪ್ಪೋ ಆ ಮಕ್ಕಳಿಗೆ ಏನಾದ್ರೂ ಮಾಡಿ. ಕಟಿಂಗ್ ಶಾಪಿನವನ ಬೈಗುಳ ನನ್ನ ಕಿವಿಗೂ ಬೀಳುತ್ತೆ. ಅವನು ನನ್ನ ಹತ್ರಾನೇ ಓದಿದ್ದು, ಇಂಥ ಮಾತೆಲ್ಲಾ ಎಲ್ಲಿ ಕಲಿತನೋ” ಎಂದರು.

ಬೋರ್ಡಣ್ಣ ಬೋರ್ಡು ಇಳಿಸಿದ. ಮೊಳೆಗಳನ್ನು ಕಿತ್ತ. ತಗಡನ್ನು ಶೆಡ್ಡಿಗೆ ತಂದು, ಕೊನೆಯ ಸಾಲನ್ನು ಉಜ್ಜಿ ತೆಗೆಯಲು ಬಟ್ಟೆಗೆ ಎಣ್ಣೆ ಹಾಕಿಕೊಂಡ. ಹೆಂಡತಿ ಅವನ ಕೈ ಹಿಡಿದಳು. “ಇರ್ಲಿ ಬಿಡಿ.” ಬೋರ್ಡನ್ನು ತಾನೇ ಎತ್ತಿ, ಒಲೆಯ ಎದುರಿನ ಗೋಡೆಗೆ, ಕಲಕುವಾಗ ಕಣ್ಣಿಗೆ ಬೀಳುವಂತೆ ಒರಗಿಸಿದಳು. ಆಮೇಲೆ ಅದರ ಕೆಳಗೆ ತರಕಾರಿಯ ಕ್ರೇಟೊಂದನ್ನು ಬೋರಲು ಹಾಕಿ, ಅವನನ್ನು ಕೂರಿಸಿ, ಮುಚ್ಚಳ ಹಾಕದ ಡಬ್ಬಿಯಲ್ಲಿ ಸೂಪು ಕೊಟ್ಟಳು. ಅವನು ಕುಡಿದು ಮುಗಿಸುವವರೆಗೆ ಅಲ್ಲೇ ನಿಂತು ಅವನ ಮುಖ ನೋಡಿದಳು.

ಮರುದಿನ ಬೆಳಿಗ್ಗೆ ಉಳಿದ ಹಳದಿ ಬಣ್ಣದ ಡಬ್ಬಿ ಹಿಡಿದು ಅವನು ಕಟಿಂಗ್ ಶಾಪಿಗೆ ಹೋದ. ವಿಷಯ ಕೇಳಿದ್ದೇ ಶಾಪಿನವನು ತಾನೇ ಪೊರಕೆ ತಂದು ಹೊಸ್ತಿಲ ಮುಂದೆ ಗುಡಿಸಿಕೊಟ್ಟ. “ಇಲ್ಲಿಂದಲೇ ಶುರು ಮಾಡಣ್ಣಾ. ನನ್ನ ಗಿರಾಕಿಗಳ ಮೀಸೆ ಉಳೀಲಿ.” ಬೋರ್ಡಣ್ಣ ಮಂಡಿಯೂರಿದ. ಜೀವಮಾನವೆಲ್ಲ ಏಣಿ ಹತ್ತಿ ಜನರ ತಲೆಯ ಮೇಲೆ ಬರೆದವನಿಗೆ ನೆಲ ಹೊಸದು. ಅಂಗೈಯಗಲದ ಗೆರೆಯೊಂದನ್ನು ಎಳೆಯುತ್ತಾ ಅಂಗಡಿ ಸಾಲಿನ ಪಕ್ಕ ಹಿಂದೆ ಹಿಂದೆ ಸರಿದ. ಓಣಿಯ ಬಾಯಲ್ಲಿ ಗೆರೆಯನ್ನು ದುಂಡಗೆ, ‘ಕ’ದ ಹೊಟ್ಟೆಯಷ್ಟೇ ಅಕ್ಕರೆಯಿಂದ, ಎಡಕ್ಕೆ ತಿರುಗಿಸಿದ.

ಟೀಚರಮ್ಮ ಗೇಟಿಗೆ ಬಂದು ನಿಂತರು. “ಇದು ಬೋರ್ಡಾ?”

“ಅಲ್ಲ ಟೀಚರಮ್ಮ. ನೆಲ.”

“ಮಿಣುಕುತ್ತಾ?”

“ಇಲ್ಲ.”

“ಹಾಗಾದ್ರೆ ಸೊಟ್ಟ ಆಗದ ಹಾಗೆ ಎಳೀರಿ.”

ಶೆಡ್ಡಿನ ಬಾಗಿಲಲ್ಲಿ ಗೆರೆಯ ತುದಿಗೆ ಅವನು ಒಂದು ಸೌಟಿನ ಚಿತ್ರ ಬರೆದು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ಸ್ಕೂಟರಿನ ಸದ್ದು. ನಿನ್ನೆಯ ರೈಡರ್, ತಲೆ ತಗ್ಗಿಸಿಕೊಂಡೇ, ಎಲ್ಲೂ ನಿಲ್ಲದೆ, ಯಾರನ್ನೂ ಕೇಳದೆ, ಗೆರೆಯ ಮೇಲೇ ತಿರುಗಿ ಬರುತ್ತಿದ್ದಳು.

“ಒಣಗಿಲ್ಲ ಕಣಮ್ಮಾ, ಒಣಗಿಲ್ಲ!” ಎಂದು ಕೂಗಿದ ಬೋರ್ಡಣ್ಣ.

“ಫೋನೇ ಮಾಡ್ಲಿಲ್ಲ ನೋಡಿ ಅಕ್ಕಾ!” ಎಂದು ಅವಳು ಹೆಂಡತಿಯ ಕೈಯಿಂದ ಹೊಗೆಯಾಡುವ ಪೊಟ್ಟಣ ಇಸಿದುಕೊಂಡು, ಗಾಡಿ ತಿರುಗಿಸಿ, ಬಂದಷ್ಟೇ ವೇಗದಲ್ಲಿ ಹೊರಟುಹೋದಳು.

ಅವನು ಕೆಟ್ಟ ಗೆರೆಯನ್ನು ಸರಿಮಾಡಲು ಕುಂಚ ಎತ್ತಿಕೊಂಡ. ಹೆಂಡತಿ ಅವನನ್ನು ದಾಟಿ, ಸೌಟು ಹಿಡಿದೇ, ಓಣಿಯ ಬಾಯಿಯವರೆಗೆ ನಡೆದಳು. ಸ್ಕೂಟರಿನ ಚಕ್ರಕ್ಕೆ ಮೆತ್ತಿದ ಹಳದಿ, ಸುತ್ತಿಗೊಂದರಂತೆ ರಸ್ತೆಯ ಮೇಲೆ ಅಚ್ಚೊತ್ತಿಕೊಂಡು ಹೋಗಿತ್ತು. ಟೀಚರಮ್ಮನ ಗೇಟು ದಾಟಿ, ಔಷಧಿ ಅಂಗಡಿ ದಾಟಿ, ನರ್ಸುಗಳ ವಸತಿಯ ಕಡೆಗೆ ಆ ಗುರುತುಗಳು ತೆಳ್ಳಗಾಗುತ್ತಾ ಸಾಗಿದ್ದವು. ಅವಳು ಅಂಗೈಯನ್ನು ಹುಬ್ಬಿಗೆ ಅಡ್ಡ ಹಿಡಿದು, ಕಣ್ಣಿಗೆ ಎಟಕುವ ಕೊನೆಯ ಗುರುತಿನವರೆಗೆ ನೋಡಿದಳು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, ಒಂದು ಹೆಜ್ಜೆ ಮುಂದೆ ಹೋಗಿ, ಇನ್ನೂ ಸ್ವಲ್ಪ ನೋಡಿದಳು.